ಅಪ್ಪ ನಾಯಿಗೆ ಹೇಳುತ್ತಿದ್ದ ಮಾತು

ಆಗಸ್ಟ್ 27, ಗುರುವಾರ. ಬೆಳಗ್ಗೆ 5.30

ಕಾಫಿ ಆಯಿತು. ದೋಣಿಯ ತಳ ಮತ್ತೆ ಒಸರುತ್ತಿದೆ, ಅಂಟು ಬಳಿದೆ. ಬಡಿಕೋಲು ಎರಡನ್ನೂ ಉಜ್ಜಿ ಇಟ್ಟೆ. ಇಪ್ಪತ್ತು ವರ್ಷದ ಕೋಲು, ಕೈಯಲ್ಲಿದ್ದರೆ ಇಲ್ಲದ ಹಾಗೆ. ಇಂಥವು ಈ ಕೆರೆಯಲ್ಲಿ ಇನ್ನೊಬ್ಬನ ಹತ್ತಿರ ಇಲ್ಲ. ನನ್ನ ಹಾಗೆ ದೋಣಿ ನೂಕುವವನೂ ಇಲ್ಲ. ಬಡಾಯಿ ಅನ್ನುವವರು ನನ್ನ ದೋಣಿ ಹೋದ ಹಾದಿಯಲ್ಲೇ ಬರಲಿ. ಸಿಗುವುದು ಬರೀ ಹುಲ್ಲು.

ನಾಳೆ ಮನೋಮಿನ್‌ಗೆ, ಕೆರೆಯಲ್ಲಿ ತಾನಾಗಿ ಬೆಳೆಯುವ ನಮ್ಮ ಕಾಡುಭತ್ತಕ್ಕೆ, ಇಳಿಯುವುದು. ತೆನೆ ಬಾಗಿದೆ, ಕೆರೆಗೆ ಇಳಿಯಬಹುದು ಎಂದು ಭತ್ತದ ಸಮಿತಿಯವರು ನಿನ್ನೆ ಚೀಟಿ ಅಂಟಿಸಿದ್ದಾರೆ.

ಯೂನಿಸ್ ಅಕ್ಕ ಇಲ್ಲದ ಮೊದಲ ಸುಗ್ಗಿ. ಅವಳು ಆಸ್ಪತ್ರೆ ಸೇರಿ ಇವತ್ತಿಗೆ ಹದಿನೈದು ದಿನ. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದಿವೆ. ನುಂಗಲು ಏನೂ ತೊಂದರೆಯಿಲ್ಲವಂತೆ, ಆದರೆ ತಿನ್ನುವುದಿಲ್ಲ, ಡ್ರಿಪ್ ಮೇಲಿದ್ದಾಳೆ. ಇಂಗ್ಲಿಷ್ ಪೂರ್ತಿ ಹೋಗಿದೆ. ಒಂದು ಪದವೂ ಉಳಿದಿಲ್ಲ. ಅದರ ಜಾಗದಲ್ಲಿ ನಮ್ಮ ಬುಡಕಟ್ಟಿನ ಭಾಷೆ, ಒಜಿಬ್ವೆ, ಬಂದು ಕೂತಿದೆ! ಏಳನೇ ವಯಸ್ಸಿಗೆ ಸರ್ಕಾರದವರು ಅವಳನ್ನು ಬೋರ್ಡಿಂಗ್ ಶಾಲೆಗೆ ಒಯ್ದರು. ಆ ಭಾಷೆ ಆಡಿದ ಬಾಯನ್ನು ಸೋಪು ಹಾಕಿ ತೊಳೆದರು. ಆಮೇಲೆ ಅವಳು ಅದನ್ನು ಆಡಿದ್ದನ್ನು ನನ್ನ ಐವತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ಈಗ ಬೆಳಗಿಂದ ಸಂಜೆವರೆಗೆ ಅದೇ. ನಿಂತು ಕೇಳಿದರೆ ಮೈಮೇಲೆ ಮುಳ್ಳು ಏಳುತ್ತದೆ. ಇಷ್ಟು ದಿನ ಎಲ್ಲಿಟ್ಟಿದ್ದಳು?

"ನಮ್ಮ ಡೆಲ್ಮರ್ ಮಾವ ಇದಾರಲ್ಲ, ಅವರಿಗೆ ಚೆನ್ನಾಗಿ ಬರುತ್ತೆ" ಎಂದು ಅಕ್ಕನ ಮಗಳು ಡಾರ್ಲೀನ್ ಡಾಕ್ಟರಿಗೆ ಹೇಳಿಟ್ಟಿದ್ದಾಳೆ. ಅವಳ ತಪ್ಪಲ್ಲ. ಮೂವತ್ತು ವರ್ಷದಿಂದ ಊರಿಗೆಲ್ಲ ಹಾಗೆ ಹೇಳಿಕೊಂಡು ಬಂದವನು ನಾನೇ. ಕ್ಯಾಸಿನೋಗೆ ಬರುವ ಅತಿಥಿಗಳನ್ನು ನಾನು ಓಡಿಸುವ ಬಸ್ಸಿನಲ್ಲಿ ಕರೆತರುವಾಗ ಮೈಕಿನಲ್ಲಿ 'ಪುರಾತನ ಆಶೀರ್ವಾದ' ಕೊಡುತ್ತೇನೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ.

ನಿನ್ನೆ ನರ್ಸ್ ಕೇಳಿದಳು, ಅಕ್ಕ ಏನಂದರು ಅಂತ. "ನೀವು ತುಂಬಾ ಲಕ್ಷಣವಾಗಿದ್ದೀರಂತೆ" ಅಂದೆ. ನರ್ಸ್ ಕೆಂಪಾದಳು. ಅಕ್ಕ ಅರ್ಧ ಬಾಯಲ್ಲಿ ನಕ್ಕಳು. ಯಾಕೆ ನಕ್ಕಳು?

ಆಗಸ್ಟ್ 28. ಸಂಜೆ

ಮೈಯೆಲ್ಲ ತುರಿಕೆ, ತೆನೆಯ ಮುಳ್ಳು ಬನಿಯನ್ನಿನೊಳಗೆ ಹೊಕ್ಕಿದೆ. ನಾನು ನಿಂತು ಗಳ ಹಾಕಿ ನೂಕಿದೆ, ಡಾರ್ಲೀನ್ ಕೂತು ಬಡಿದಳು. ಕೋಲಲ್ಲಿ ತೆನೆ ಬಾಗಿಸಿ, ಇನ್ನೊಂದು ಕೋಲಲ್ಲಿ ಸವರಿ... ಅಕ್ಕನ ಕೈಯೇ ಬಂದಿದೆ ಅವಳಿಗೆ. ದೋಣಿಯೊಳಗೆ ಕಾಳು ಉದುರುವ ಸದ್ದು. ಮಧ್ಯಾಹ್ನಕ್ಕೆ ದೋಣಿ ಮುಳುಗುವಷ್ಟು ಆಯಿತು. ನನ್ನ ಚಿಕ್ಕಪ್ಪನ ಮಗ ಲೆರಾಯ್ ಕೇಳಿದ, "ಏನು ಮಂತ್ರ ಹಾಕಿದೆಯೋ?"

"ಮಂತ್ರ ಅಲ್ಲಪ್ಪ, ತೋಳು" ಅಂದೆ.

ಆಗಸ್ಟ್ 30, ಭಾನುವಾರ. ಮಧ್ಯಾಹ್ನ 1

ನಿನ್ನೆ ಹುರಿದು, ತುಳಿದು, ಕೇರಿದೆವು. ಇವತ್ತು ದಡದಲ್ಲಿ ಹೊಸ ಭತ್ತದ ಮೊದಲ ತಟ್ಟೆ. ಆ ತಟ್ಟೆ ಇಟ್ಟು ಪ್ರಾರ್ಥನೆಯ ಮಾತು ಹೇಳದೆ ಯಾರೂ ಹೊಸದನ್ನು ಬಾಯಿಗೆ ಹಾಕುವುದಿಲ್ಲ. ಅಪ್ಪ ಹೋದ ಮೇಲೆ ಇಪ್ಪತ್ತೆರಡು ವರ್ಷದಿಂದ ಮಾತು ಹೇಳುವವನು ನಾನೇ. ಹೊಟ್ಟೆಯಿಂದ ಸ್ವರ ತೆಗೆದು, ನಿಧಾನಕ್ಕೆ ಹೇಳುತ್ತೇನೆ. ಲೆರಾಯ್ ಟೋಪಿ ತೆಗೆಯುತ್ತಾನೆ, ಚಿಕ್ಕವರು ಉಸಿರು ಬಿಗಿಹಿಡಿಯುತ್ತಾರೆ.

ಇಲ್ಲಿ ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ನನಗೆ ಬರುವುದು ಇಪ್ಪತ್ತೊಂದು ಪದ. ಮೊನ್ನೆ ಬೆರಳು ಮಡಿಸಿ ಎಣಿಸಿದೆ. ಅದರಲ್ಲಿ ಆರು, ಅಪ್ಪ ನಾಯಿಗೆ ಹೇಳುತ್ತಿದ್ದವು. ನಾಯಿಯ ಹೆಸರು ಸಾರ್ಜೆಂಟ್. ಅಪ್ಪ ನಮ್ಮ ಜೊತೆ ಇಂಗ್ಲಿಷು, ಸಾರ್ಜೆಂಟ್ ಜೊತೆ ಒಜಿಬ್ವೆ. ಆ ನಾಯಿಗೆ ನನಗಿಂತ ಹೆಚ್ಚು ಭಾಷೆ ಬರುತ್ತಿತ್ತು. ಈ ಇಪ್ಪತ್ತೊಂದನ್ನೇ ಹಿಂದೆ ಮುಂದೆ ಮಾಡಿ, ನಡುವೆ ಗಂಟಲಲ್ಲಿ ಸ್ವಲ್ಪ ಗುಡುಗಿಸಿ... ಅದೇ ನನ್ನ ಪ್ರಾರ್ಥನೆ. ಇವತ್ತಿನದು ಚೆನ್ನಾಗಿಯೇ ಬಂತು.

ಏನೋ ಕಡಿಮೆ ಅನ್ನಿಸಿತು. ನನ್ನ ಮಾತು ಮುಗಿದ ಮೇಲೆ ಅಕ್ಕ ಪ್ರತಿವರ್ಷ ತಟ್ಟೆ ತೊಳೆಯುವ ನೆಪದಲ್ಲಿ ಒಬ್ಬಳೇ ನೀರಿನ ಹತ್ತಿರ ಹೋಗುತ್ತಿದ್ದಳು. ಬರುವುದು ತಡವಾಗುತ್ತಿತ್ತು. ಈ ಸಲ ಡಾರ್ಲೀನ್ ತೊಳೆದಳು, ಎರಡು ನಿಮಿಷಕ್ಕೆ ಬಂದಳು.

ಅಕ್ಕನಿಗೆಂದು ಡಾರ್ಲೀನ್ ಹೊಸ ಅಕ್ಕಿ, ಬಾತುಕೋಳಿ ಹಾಕಿ ಸೂಪು ಮಾಡಿದ್ದಾಳೆ. ಒಯ್ಯಬೇಕು. ಇದನ್ನಂತೂ ತಿಂದೇ ತಿನ್ನುತ್ತಾಳೆ.

ಅದೇ ದಿನ. ಸಂಜೆ 6

ತಿನ್ನಲಿಲ್ಲ.

ಮುಚ್ಚಳ ತೆಗೆದಾಗ ಘಮಕ್ಕೆ ಅಕ್ಕನ ಮುಖ ಅರಳಿತು. ಎಡಗೈ ಬಟ್ಟಲಿನ ತನಕ ಹೋಯಿತು. ನಿಂತಿತು. ನನ್ನನ್ನು ನೋಡಿ ಏನೋ ಕೇಳಿದಳು, ಉದ್ದಕ್ಕೆ. ಕಾದಳು.

"ಏನಂತೆ ಮಾವ?" ಡಾರ್ಲೀನ್.

"ಉಪ್ಪು ಸಾಲದಂತೆ."

ಉಪ್ಪು ತಂದರು. ಅಕ್ಕ ಮತ್ತೆ ಅದನ್ನೇ ಕೇಳಿದಳು. "ಬಿಸಿ ಜಾಸ್ತಿಯಂತೆ" ಅಂದೆ. ಆರಿಸಿದರು. ಮೂರನೇ ಸಲ ಕೇಳಿ, ನನ್ನ ಮುಖ ನೋಡಿ, ಬಟ್ಟಲನ್ನು ಮೆಲ್ಲಗೆ ಸರಿಸಿದಳು. ಸಿಟ್ಟಿನಿಂದಲ್ಲ. ಬೇರೆಯವರ ಪಾಲಿನದನ್ನು ಸರಿಸುವ ಹಾಗೆ. ಗೋಡೆಗೆ ಮುಖ ಮಾಡಿದಳು.

ಡಾಕ್ಟರ್ ಹೊರಗೆ ಕರೆದು ಹೇಳಿದರು. ಸೆಪ್ಟೆಂಬರ್ 8ರ ಮಂಗಳವಾರದೊಳಗೆ ತಾನಾಗಿ ತಿನ್ನದಿದ್ದರೆ ಹೊಟ್ಟೆಗೆ ಟ್ಯೂಬ್. ಈಗಿನ ಮೈಗೆ ಅದನ್ನು ತಡೆಯುವ ಶಕ್ತಿ ಇದೆಯೋ ಇಲ್ಲವೋ ಅವರಿಗೂ ಗೊತ್ತಿಲ್ಲ.

ಸೆಪ್ಟೆಂಬರ್ 1. ಬೆಳಗ್ಗೆ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಿನ್ನೆ, ಆಸ್ಪತ್ರೆಯ ಕಾರ್ ನಿಲ್ಲಿಸುವ ಜಾಗ. ಡಾರ್ಲೀನ್ ಏನೋ ಚಾಚಿದಳು. ತೆಗೆದುಕೊಂಡೆ. ಯಾರೇನು ಕೊಟ್ಟರೂ ತೆಗೆದುಕೊಳ್ಳುವ ಕೈ ನನ್ನದು. ನೋಡಿದರೆ ಕೆಂಪು ಬಟ್ಟೆಯ ಗಂಟು. ಒಳಗೆ ಹೊಗೆಸೊಪ್ಪು. ಅಸೆಮಾ, ಹಿರಿಯರ ಬಳಿ ಏನಾದರೂ ಬೇಡುವಾಗ ಕೊಡುವ ಪವಿತ್ರ ಸೊಪ್ಪು.

"ಮಾವ, ಕೈಯಲ್ಲಿ ಹಿಡಿದಾಯ್ತು" ಅಂದಳು. "ಅಮ್ಮ ಏನು ಕೇಳ್ತಿದ್ದಾಳೆ ಅಂತ ತಿಳ್ಕೊಂಡು ಹೇಳಬೇಕು. ಉಪ್ಪು, ಬಿಸಿ ಅಂತೆಲ್ಲ ಹೇಳಬೇಡಿ."

"ಅಲ್ಲಮ್ಮಾ, ಅದು..."

"ನಿಮ್ಮ ಬಡಾಯಿ ನನಗೆ ಇಷ್ಟ ಮಾವ. ಚಿಕ್ಕವಳಿದ್ದಾಗಿಂದ ಇಷ್ಟ. ಇದೊಂದು ಸಲ ಬೇಡ."

ಅಸೆಮಾ ಕೈಗೆ ಬಂದ ಮೇಲೆ ಹಿಂದೆ ಕೊಡುವ ಹಾಗಿಲ್ಲ. ಸುಳ್ಳು ಹೇಳುವ ಹಾಗೂ ಇಲ್ಲ. ಎಂಥೆಂಥ ಸುಳ್ಳು ಹೇಳಿದ್ದೇನೆ, ಆದರೆ ಇದನ್ನು ಹಿಡಿದು ಹೇಳಿಲ್ಲ. ಗಂಟು ಈಗ ಈ ಮೇಜಿನ ಮೇಲಿದೆ. ಅಂಗೈ ಅಗಲದ್ದು. ನನ್ನನ್ನೇ ನೋಡುತ್ತಿರುವ ಹಾಗಿದೆ.

ಇಡೀ ಊರಲ್ಲಿ ಅಕ್ಕನ ಮಾತು ತಿಳಿಯಬಲ್ಲವಳು ಒಬ್ಬಳೇ, ಕೆರೆಯಾಚೆಯ ಜೋಸೆಟ್ ಚಿಕ್ಕಮ್ಮ. ಎಂಬತ್ತೊಂದು ವರ್ಷ. ಗುರುವಾರ ಗುರುವಾರ ಸಮುದಾಯ ಭವನದ ಅಡುಗೆಮನೆಯಲ್ಲಿ ಭಾಷೆ ಕಲಿಸುತ್ತಾಳೆ. ನನ್ನನ್ನು ಕಂಡರೆ ಹಲ್ಲು ಬಿಗಿಯುತ್ತಾಳೆ. ಹತ್ತು ವರ್ಷದ ಹಿಂದೆ, ನಿನ್ನ ಪಾಠ ನನಗೆ ಯಾಕೆ ಬೇಕು, ನಾನೇ ಕಲಿಸಬಲ್ಲೆ ಅಂದಿದ್ದೆ. ಎಲ್ಲರ ಎದುರಿಗೆ.

ಸೆಪ್ಟೆಂಬರ್ 3, ಗುರುವಾರ

ಹೋದೆ. ಹೊಸ ಹೊಗೆಸೊಪ್ಪು ಕಟ್ಟಿಕೊಂಡು ಹೋದೆ. ಅಡುಗೆಮನೆಯಲ್ಲಿ ಎಂಟು ಜನ, ನಡುವೆ ಜೋಸೆಟ್ ಚಿಕ್ಕಮ್ಮ.

"ಓಹೋ, ಮೇಷ್ಟ್ರು ಬಂದ್ರು! ಕುರ್ಚಿ ಬಿಡ್ರೋ."

ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ, ಆಗಲಿಲ್ಲ. ಗಂಟು ಚಾಚಿದೆ. ನಗು ನಿಂತಿತು. ಅಕ್ಕನ ವಿಷಯ ಹೇಳಿದೆ. ಟ್ಯೂಬಿನ ವಿಷಯ ಹೇಳಿದೆ. ಆಮೇಲೆ, ಇದನ್ನು ಹೇಳಲು ಬಹಳ ಹೊತ್ತು ಹಿಡಿಯಿತು, ನನಗೆ ಭಾಷೆ ಬರುವುದಿಲ್ಲ ಎಂದೆ.

"ಅದು ನನಗೆ ಗೊತ್ತು. ಬೇರೆ ಏನಾದ್ರೂ ಹೊಸ ಸುದ್ದಿ ಇದೆಯಾ?" ಅಂದಳು. ಗಂಟು ಮಾತ್ರ ತೆಗೆದುಕೊಂಡಳು.

ಸೆಪ್ಟೆಂಬರ್ 4. ಮಧ್ಯಾಹ್ನ 3

ಚಿಕ್ಕಮ್ಮನನ್ನು ನನ್ನ ಬಸ್ಸಲ್ಲೇ ಕರೆದೊಯ್ದೆ. ಅಕ್ಕನ ಹಾಸಿಗೆಯ ಪಕ್ಕ ಕೂತು "ಬೋಜೂ" ಅಂದಳು. ಅಷ್ಟೇ. ನಮಸ್ಕಾರ ಅನ್ನುವಷ್ಟು ಚಿಕ್ಕ ಮಾತು. ಕ್ಯಾಸಿನೋದ ಬಾಗಿಲ ಮೇಲೂ ಬರೆದಿದ್ದಾರೆ.

ಅಕ್ಕ ಅವಳ ಕೈ ಹಿಡಿದುಕೊಂಡಳು. ಕಣ್ಣಿಂದ ನೀರು. ಆಮೇಲೆ ಮಾತು... ಕಟ್ಟೆ ಒಡೆದ ಹಾಗೆ. ಒಂದು ಗಂಟೆ. ಇಬ್ಬರೂ ನಕ್ಕರು, ಗುಟ್ಟು ಆಡಿದರು, ಮತ್ತೆ ನಕ್ಕರು. ಬಾಗಿಲಲ್ಲಿ ನಿಂತಿದ್ದೆ. ನನ್ನ ಅಕ್ಕ ಮೌನಿ ಅಂದುಕೊಂಡಿದ್ದೆ ನಾನು. ಊರೆಲ್ಲ ಹಾಗೇ ಅಂದುಕೊಂಡಿತ್ತು. ಅವಳು ಮೌನಿಯಲ್ಲ. ಈ ಭಾಷೆಯಲ್ಲಿ ಅವಳು ವಾಚಾಳಿ! ಕೈ ಬೀಸುತ್ತಾಳೆ, ಯಾರದೋ ನಡಿಗೆ ಅಣಕಿಸುತ್ತಾಳೆ. ನನ್ನ ಹಾಗೇ. ಇಂಥ ಒಬ್ಬ ಅಕ್ಕ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ.

ಚಿಕ್ಕಮ್ಮ ಹೊರಗೆ ಬಂದು ನನ್ನನ್ನು ಬೆಂಚಿನ ಮೇಲೆ ಕೂರಿಸಿದಳು.

"ನಿಮ್ಮ ಅಕ್ಕ ಕೇಳ್ತಿರೋದು ಒಂದೇ. ಈ ಭತ್ತಕ್ಕೆ ಮಾತು ಹೇಳಿದ್ದು ಯಾರು ಅಂತ."

"ನಾನೇ ಹೇಳಿದೆನಲ್ಲ."

"ಎಲ್ಲಿ, ಹೇಳು ನೋಡೋಣ."

ಹೇಳಿದೆ. ಆಸ್ಪತ್ರೆಯ ಬೆಂಚಿನ ಮೇಲೆ, ಸಣ್ಣ ಸ್ವರದಲ್ಲಿ. ಚಿಕ್ಕಮ್ಮ ಸ್ವೆಟರಿನ ತೋಳನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಣಿಯುತ್ತಿತ್ತು.

"ಡೆಲ್ಮರ್, ಡೆಲ್ಮರ್! ಇಪ್ಪತ್ತೆರಡು ವರ್ಷದಿಂದ ನೀನು ಭತ್ತಕ್ಕೆ 'ಹೋಗ್ ಆಚೆ, ಕೂತ್ಕೋ, ಹೋಗ್ ಆಚೆ' ಅಂದಿದ್ದೀಯಲ್ಲೋ!"

ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಆದ್ರೂ ಪ್ರತಿವರ್ಷ ಬಂತಲ್ಲ ಭತ್ತ. ಯಾಕೆ ಬಂತು ಅಂತ ಯೋಚನೆ ಮಾಡಿದ್ದೀಯಾ?"

ತಲೆ ಎತ್ತಿದೆ.

"ನೀನು ಓಡಿಸ್ತಿದ್ದೆ. ಅವಳು ಹಿಂದಿಂದ ಹೋಗಿ ವಾಪಸ್ಸು ಕರೀತಿದ್ದಳು. ಪ್ರತಿವರ್ಷ. ತಟ್ಟೆ ತೊಳೆಯೋ ನೆಪದಲ್ಲಿ. ಈ ವರ್ಷ ಹಾಸಿಗೆಯಲ್ಲಿದ್ದಾಳೆ. ಅದಕ್ಕೇ ಕೇಳ್ತಿದ್ದಾಳೆ. ಮಾತು ಹೇಳದ ಹೊಸ ಭತ್ತ ಹೇಗೆ ತಿನ್ನಲಿ ಅಂತ. ಹಾಸಿಗೆ ಹಿಡಿದ ದಿನದಿಂದ ಅದೇ ಚಿಂತೆಯಂತೆ, ಅದನ್ನ ತಿನ್ನದೆ ಬೇರೇದು ಯಾಕೆ ತಿನ್ನಲಿ ಅಂತ."

ಕಣ್ಣ ಮುಂದೆ ಒಂದೇ: ನೀರಿನಂಚಲ್ಲಿ ಬಗ್ಗಿದ ಅಕ್ಕನ ಬೆನ್ನು. ಇಪ್ಪತ್ತೆರಡು ಸಲ ನೋಡಿದ್ದೇನೆ ಆ ಬೆನ್ನನ್ನು. 'ಒಂದು ತಟ್ಟೆ ತೊಳೆಯಕ್ಕೆ ಎಷ್ಟು ಹೊತ್ತೇ' ಎಂದು ಕೂಗಿದ್ದೇನೆ.

"ಹಾಗಾದ್ರೆ ನೀವೇ ಹೇಳಿಬಿಡಿ ಚಿಕ್ಕಮ್ಮ. ಇವತ್ತೇ."

"ಹೇಳ್ತೀನಿ ಅಂದೆ. ಬೇಡ ಅಂದಳು. ತಟ್ಟೆ ಹಿಡಿದವನೇ ಹೇಳಬೇಕಂತೆ. 'ನನ್ನ ತಮ್ಮನಿಗೆ ಗಂಟಲಿದೆ, ಮಾತು ಹಾಕಿ ಕೊಡು' ಅಂದಳು."

ಸೆಪ್ಟೆಂಬರ್ 5

ಬೆಳಗಿಂದ ಚಿಕ್ಕಮ್ಮನ ಮನೆಯಲ್ಲಿ. ಮೊದಲು ಸೌದೆ ಒಡೆಸಿದಳು. "ನಾಲಿಗೆ ಬಿಸಿಯಾಗಲಿ" ಅಂದಳು. ನಾಲಿಗೆಗೂ ಸೌದೆಗೂ ಏನು ಸಂಬಂಧ? ಅವಳ ಒಲೆಗೆ ಸಂಬಂಧ.

ದೊಡ್ಡ ದೊಡ್ಡ ಮಾತು ಇರುತ್ತದೆ, ಗುಡುಗಿನಂಥದ್ದು, ಅಂದುಕೊಂಡು ಹೋಗಿದ್ದೆ. ನಾಳೆಯೇ ಅಕ್ಕನ ಎದುರು ಹೇಳಬೇಕು, ಒಂದು ದಿನದಲ್ಲಿ ಹೇಗೆ ಬಾಯಿಪಾಠ ಮಾಡಲಿ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ.

"ನಿನ್ನ ಮನೆಗೆ ಯಾರಾದ್ರೂ ಬಂದ್ರೆ ಏನು ಹೇಳ್ತೀಯ?"

"ಬನ್ನಿ ಅಂತೀನಿ. ಯಾರು ಅಂತ ಕೇಳ್ತೀನಿ. ಊಟ ಮಾಡಿ ಅಂತೀನಿ."

"ಅಷ್ಟೇ ಮತ್ತೆ. ಅದನ್ನೇ ಹೇಳು."

ನಂಬಲಿಲ್ಲ ನಾನು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಅಲ್ಲ. ಮೊದಲು ಬೋಜೂ. ಆಮೇಲೆ ನಾನು ಯಾರು, ಯಾರ ಮಗ, ಯಾವ ಕೆರೆಯವನು. ಆಮೇಲೆ ಮೀಗ್ವೆಚ್, ಉಪಕಾರ ಆಯಿತು. ನೀರಿಗೆ ಮೀಗ್ವೆಚ್, ಭತ್ತಕ್ಕೆ ಮೀಗ್ವೆಚ್. ಕೊನೆಗೆ, ಬಾ, ನಮ್ಮ ಜೊತೆ ಉಣ್ಣು, ಬರುವ ವರ್ಷವೂ ಬಾ. ಸಂತೆಯಲ್ಲಿ, ಬಾಗಿಲಲ್ಲಿ, ಒಲೆಯ ಮುಂದೆ ಆಡುವ ಮಾತು. ಮಕ್ಕಳಿಗೆ ಮೊದಲ ವಾರ ಕಲಿಸುವ ಮಾತು. ಕೆರೆಗೆ ಆಡುವುದೂ ಅದೇ ಮಾತೇ. ದೊಡ್ಡವರಿಗೆ ಬೇರೆ, ಚಿಕ್ಕವರಿಗೆ ಬೇರೆ ಎಂದು ಇಟ್ಟೇ ಇಲ್ಲ. ಇದನ್ನು ಬರೆಯುತ್ತಾ ಇದ್ದರೂ ಬೆರಗು ಇಳಿಯುತ್ತಿಲ್ಲ.

ನನ್ನ ನಾಲಿಗೆ ಎಲ್ಲದಕ್ಕೂ ಎಡವಿತು. ಒಂದೇ ಒಂದು ಪದ ಮೊದಲ ಸಲಕ್ಕೇ ಬಂತು. ಅಂಬೇ. ಬಾ ಎಂದು.

ಚಿಕ್ಕಮ್ಮ ಹೊಲಿಗೆ ಕೆಳಗಿಟ್ಟಳು. "ಇನ್ನೊಂದು ಸಲ ಹೇಳು."

"ಅಂಬೇ."

"ಇದು ಹಳೇ ಕಾಲದವರ ಉಚ್ಚಾರ. ಯಾರು ಕಲಿಸಿದ್ದು?"

"ಅಪ್ಪ. ನನಗಲ್ಲ, ನಾಯಿಗೆ ಹೇಳ್ತಿದ್ದ."

ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಕಿಟಕಿಯಾಚೆ ನೋಡಿದಳು.

"ನಾಯಿ ಶಾಲೆಗೆ ಹೋಗಲ್ಲವಲ್ಲ ಡೆಲ್ಮರ್" ಅಂದಳು. "ಅದರ ಬಾಯಿಗೆ ಯಾರೂ ಸೋಪು ಹಾಕಲ್ಲ."

ಬಸ್ ಹತ್ತಿ ಬಹಳ ಹೊತ್ತು ಸ್ಟಾರ್ಟ್ ಮಾಡಲಿಲ್ಲ. ಹಿಂದೆ ನಲವತ್ತು ಖಾಲಿ ಸೀಟು. ಅಪ್ಪ ಸಂಜೆ ಮೆಟ್ಟಿಲ ಮೇಲೆ ಕೂತು ಸಾರ್ಜೆಂಟ್ ಜೊತೆ ಗಂಟೆಗಟ್ಟಲೆ ಮಾತಾಡುತ್ತಿದ್ದ. ನಾವು ಒಳಗೆ ಕೂತು ಕೇಳುತ್ತಿದ್ದೆವು. ನಾಯಿಗೆ ಅಷ್ಟೆಲ್ಲ ಯಾಕೆ ಹೇಳುತ್ತಾನೆ ಎಂದು ನಗುತ್ತಿದ್ದೆವು. ನಾಯಿಗೆ ಹೇಳುತ್ತಿದ್ದನೋ, ಅಥವಾ ಬಾಗಿಲು ತೆರೆದಿಟ್ಟು ನಮಗೇ...

ಸೆಪ್ಟೆಂಬರ್ 6, ಭಾನುವಾರ. ಸಂಜೆ 5

ಆಯಿತು. ಹೇಗೆ ಬರೆಯಲಿ.

ಆಸ್ಪತ್ರೆಯ ಹಿಂದೆ ಹುಲ್ಲು, ಹುಲ್ಲಿನಾಚೆ ತೊರೆ. ನರ್ಸ್ ಅಕ್ಕನನ್ನು ಗಾಲಿಕುರ್ಚಿಯಲ್ಲಿ ತಂದಳು, ಕಂಬಳಿ ಹೊದಿಸಿ. ಡಾರ್ಲೀನ್, ಲೆರಾಯ್, ಅವನ ಮನೆಯವರು, ಜೋಸೆಟ್ ಚಿಕ್ಕಮ್ಮ. ತಟ್ಟೆ ನನ್ನ ಕೈಯಲ್ಲಿ.

ಮೊದಲು ಎಲ್ಲರಿಗೂ ಹೇಳಿದೆ. ಇಷ್ಟು ವರ್ಷ ನಾನು ಹೇಳಿದ್ದು ಪ್ರಾರ್ಥನೆಯಲ್ಲ, ನಾಯಿಗೆ ಹೇಳುವ ಮಾತು ಎಂದು. ಡಾರ್ಲೀನ್ ನೆಲ ನೋಡಿದಳು. ಲೆರಾಯ್ ಟೋಪಿ ತೆಗೆದವನು ಮತ್ತೆ ಹಾಕಿಕೊಂಡ.

"ಅಂದ್ರೆ ಇಪ್ಪತ್ತೆರಡು ವರ್ಷ ನಾನು ನಾಯಿ ಮಾತಿಗೆ ಟೋಪಿ ತೆಗೆದೆನಾ?"

"ಹೌದಪ್ಪ."

"ಒಳ್ಳೇ ನಾಯಿಯಾಗಿತ್ತು ಬಿಡು" ಅಂದು ಮತ್ತೆ ತೆಗೆದ.

ಶುರು ಮಾಡಿದೆ. ಹೊಟ್ಟೆಯ ಸ್ವರ ಬರಲಿಲ್ಲ. ಬಂದದ್ದು ಸಣ್ಣ ಸ್ವರ, ಸಾಲ ಕೇಳುವವನ ಹಾಗೆ. ಬೋಜೂ ಆಯಿತು. ನಾನು ಯಾರ ಮಗ ಅನ್ನುವುದು ಆಯಿತು. ನೀರಿನ ಹತ್ತಿರ ಬರುವ ಹೊತ್ತಿಗೆ ಎಲ್ಲ ಮರೆತುಹೋಯಿತು. ತಲೆ ಖಾಲಿ. ಗಾಳಿಯ ಸದ್ದು ಮಾತ್ರ. ಹಳೆಯ ಚಾಳಿ, ಗಂಟಲು ಗುಡುಗಿಸಲು ಬಾಯಿ ತೆರೆದುಕೊಂಡಿತು. ಅಷ್ಟು ಸುಲಭವಿತ್ತು. ಕಿಸೆಯಲ್ಲಿ ಡಾರ್ಲೀನಳ ಗಂಟು ಇತ್ತು. ಬಾಯಿ ಮುಚ್ಚಿದೆ. ನಿಂತೆ. ಎಲ್ಲರ ಎದುರಿಗೆ ಸುಮ್ಮನೆ ನಿಂತೆ. ನನ್ನ ಜನ್ಮದಲ್ಲಿ ಮೊದಲ ಸಲ.

ಆಗ ಹಿಂದಿನಿಂದ, ಮೆಲ್ಲಗೆ: "ನಿಬಿ."

ಅಕ್ಕ. ನೀರು ಅನ್ನುವ ಪದ. ಮಗುವಿಗೆ ತುತ್ತು ಕೊಟ್ಟ ಹಾಗೆ ಕೊಟ್ಟಳು. "ನಿಬಿ" ಅಂದೆ. ಮುಂದಿನದನ್ನೂ ಕೊಟ್ಟಳು. ಹೇಳಿದೆ. ಹೀಗೆ ಅವಳೊಂದು, ನಾನೊಂದು. ಅವಳ ಸ್ವರದ ಮೇಲೆ ನನ್ನ ಸ್ವರ ಕಾಲಿಟ್ಟು ನಡೆಯಿತು. ಎಲ್ಲೂ ಮುಳುಗಲಿಲ್ಲ. ತೊರೆಯಲ್ಲಿ ಏನೂ ನಡೆಯಲಿಲ್ಲ, ಹದ್ದು ಹಾರಲಿಲ್ಲ, ಬಿಸಿಲು ಇಣುಕಲಿಲ್ಲ. ಬಸ್ಸಿನ ಅತಿಥಿಗಳಿಗೆ ಹೇಳುವುದಾದರೆ ಇವೆಲ್ಲ ಸೇರಿಸುತ್ತೇನೆ. ಇಲ್ಲಿ ಬೇಡ. ಆದದ್ದು ಇಷ್ಟು: ಕೊನೆಯ "ಅಂಬೇ" ಬಂದಾಗ ಅಕ್ಕ ಹೇಳಿಕೊಡಲಿಲ್ಲ. ನನಗೆ ಬಿಟ್ಟಳು. ಹೇಳಿದೆ. ಹೇಳಿದಾಗ ಯಾರೋ ನಿಜವಾಗಿ ಬಂದು ನಮ್ಮ ನಡುವೆ ಕೂತ ಹಾಗಾಯಿತು. ಜೋಸೆಟ್ ಚಿಕ್ಕಮ್ಮ ಕೂಡ ಸ್ವಲ್ಪ ಸರಿದು ಕೂತಳು.

ಡಾರ್ಲೀನ್ ಬಟ್ಟಲು ತಂದಳು. ಅಕ್ಕ ಎಡಗೈಯಲ್ಲಿ ತಾನೇ ಚಮಚ ಹಿಡಿದಳು. ಒಂದು. ಎರಡು. ಐದು ಚಮಚ ಎಣಿಸಿದೆ, ಆಮೇಲೆ ಕಣ್ಣು ಮಂಜಾಯಿತು.

ಅಕ್ಕ ಏನೋ ಹೇಳಿದಳು. ಚಿಕ್ಕಮ್ಮ ನನ್ನ ಕಡೆ ತಿರುಗಿದಳು.

"ಉಪ್ಪು ಜಾಸ್ತಿಯಾಯಿತಂತೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ಇಳಿದ ಮೇಲೆ ಚಿಕ್ಕಮ್ಮನ ಮೂಲಕ ಅಕ್ಕನನ್ನು ಕೇಳಿದೆ: ನಾನು ಸುಳ್ಳು ಹೇಳುತ್ತಿದ್ದದ್ದು ಗೊತ್ತಿದ್ದೂ ಇಪ್ಪತ್ತೆರಡು ವರ್ಷ ಯಾಕೆ ಸುಮ್ಮನಿದ್ದೆ ಅಂತ.

ಅಕ್ಕ ನನ್ನನ್ನೇ ನೋಡುತ್ತಾ ಹೇಳಿದಳು. ಚಿಕ್ಕಮ್ಮ ನಿಧಾನಕ್ಕೆ ಬಿಡಿಸಿ ಹೇಳಿದಳು. "ನೀನು ಹೇಳುವಾಗ ಅಪ್ಪನ ಸ್ವರ ಬರ್ತಿತ್ತಂತೆ. ಮೆಟ್ಟಿಲ ಮೇಲೆ ಕೂತು ನಾಯಿ ಕರೀತಿದ್ದ ಸ್ವರ. ವರ್ಷಕ್ಕೆ ಒಂದು ಸಲ. ಅದನ್ನ ಕೇಳೋಕೆ ಸುಮ್ಮನಿದ್ದಳಂತೆ."

ಸೆಪ್ಟೆಂಬರ್ 8

ಟ್ಯೂಬ್ ಬೇಡವಂತೆ.

ಅಕ್ಟೋಬರ್ 19

ಇಷ್ಟು ದಿನ ಬರೆಯಲಿಲ್ಲ. ಅಕ್ಕ ನನ್ನ ಮನೆಯಲ್ಲಿದ್ದಾಳೆ, ಪುರುಸೊತ್ತಿಲ್ಲ. ಇಂಗ್ಲಿಷ್ ಎರಡು ಪದ ಮರಳಿವೆ. ಒಂದು 'ನೋ'. ಇನ್ನೊಂದು 'ಬಿಂಗೋ'. ನನ್ನವು ನೂರ ನಲವತ್ತಾಗಿವೆ. ಫ್ರಿಜ್ ಮೇಲೆ ಚೀಟಿ, ಕಿಟಕಿಯ ಮೇಲೆ ಚೀಟಿ, ಬಸ್ಸಿನ ಸ್ಟೀರಿಂಗ್ ಮೇಲೂ ಚೀಟಿ. ಮೈಕಿನಲ್ಲಿ ಈಗ ಬೋಜೂ, ಮೀಗ್ವೆಚ್ ಅಷ್ಟೇ ಹೇಳುತ್ತೇನೆ. ಅತಿಥಿಗಳಿಗೆ ಸಪ್ಪೆ ಅನ್ನಿಸುತ್ತದೆ. ನನಗೆ ಆ ಎರಡೇ ಸಾಕು.

ಅಕ್ಕ ನನ್ನನ್ನು ಡೆಲ್ಮರ್ ಅನ್ನುವುದಿಲ್ಲ. ನಿಶೀಮೆ ಅನ್ನುತ್ತಾಳೆ. ನನ್ನ ತಮ್ಮ. ಐವತ್ತೊಂಬತ್ತು ವರ್ಷ ಕಾದು ಸಿಕ್ಕಿದ ಹೆಸರು. ಗುರುವಾರದ ತರಗತಿಯಲ್ಲಿ ನಾನೇ ಮುಂದು. ಬಡಾಯಿಯಲ್ಲ, ಜೋಸೆಟ್ ಚಿಕ್ಕಮ್ಮನನ್ನು ಕೇಳಬಹುದು. ಕೇಳದಿದ್ದರೆ ಇನ್ನೂ ಒಳ್ಳೆಯದು.

ಅಪ್ಪ ಸಾರ್ಜೆಂಟ್‌ಗೆ ಗಂಟೆಗಟ್ಟಲೆ ಏನು ಹೇಳುತ್ತಿದ್ದ ಎಂದು ನಿನ್ನೆ ಕೇಳಿದೆ, ನೂರ ನಲವತ್ತು ಪದದಲ್ಲಿ ಒದ್ದಾಡಿ. ಅಕ್ಕ ನಕ್ಕಳು. ಕಥೆ ಹೇಳುತ್ತಿದ್ದನಂತೆ. ಹಳೆಯ ಕಥೆ, ಹಿಮ ಇದ್ದಾಗ ಮಾತ್ರ ಹೇಳುವಂಥವು. ಅವಳಿಗೆ ಎಲ್ಲ ನೆನಪಿದೆ. ಹೇಳು ಅಂದೆ. ಕಿಟಕಿಯಾಚೆಯ ಕಂದು ಹುಲ್ಲು ತೋರಿಸಿದಳು. ನೆಲ ಬೆಳ್ಳಗಾಗಲಿ.

ನವೆಂಬರ್ 4. ಬೆಳಗ್ಗೆ 7

ಕಾಫಿ ಇಟ್ಟಿದ್ದೇನೆ. ಬಸ್ ಹತ್ತು ಗಂಟೆಗೆ. ಹೊರಗೆ ಏನೂ ಸದ್ದೇ ಇಲ್ಲ, ರಸ್ತೆಯ ಸದ್ದು ಕೂಡ. ಪರದೆ ಸರಿಸಿದೆ. ಅಯ್ಯೋ, ದೋಣಿ, ಸೌದೆ, ಬಸ್ಸಿನ ಮಾಡು, ಎಲ್ಲ ಬೆಳ್ಳಗೆ... ಇನ್ನೂ ಬೀಳುತ್ತಿದೆ, ನಿಧಾನಕ್ಕೆ.

ಅಕ್ಕ ಎದ್ದಿದ್ದಾಳೆ. ಅವಳೂ ನೋಡಿರಬೇಕು. ಒಳಗಿಂದ ಕರೆಯುತ್ತಿದ್ದಾಳೆ. ಅಂಬೇ, ನಿಶೀಮೆ. ಅಪ್ಪನದೇ ಸ್ವರ, ಅಪ್ಪನದೇ ಎಳೆತ. ಸಾರ್ಜೆಂಟ್ ಆಗಿದ್ದರೆ ಇಷ್ಟು ಹೊತ್ತಿಗೆ ಎದ್ದು ಬಾಲ ಆಡಿಸುತ್ತಾ ಓಡಿರುತ್ತಿತ್ತು. ಕಥೆಗೆ ನಾನೂ ಹೊರಟೆ—